ಫೋನು, ಇಂಟರ್ನೆಟ್ಟು, ದಿನಕ್ಕೆ ಹತ್ತು ನಿಮಿಷ: ಇಷ್ಟಿದ್ರೆ ಇನ್ನೊಬ್ಬರಿಗೆ ಹೇಗೆ ಆಗ್ಬೋದು

ಸಹಾಯ ಮಾಡ್ಬೇಕು ಅನ್ನೋ ಮನಸ್ಸು ತುಂಬಾ ಜನಕ್ಕಿರುತ್ತೆ, ಆದ್ರೆ ದುಡ್ಡಿಲ್ಲ ಟೈಮಿಲ್ಲ ಅಂತ ಅಲ್ಲಿಗೇ ಬಿಟ್ಬಿಡ್ತಾರೆ, ಇಲ್ಲಾಂದ್ರೆ ವಾಟ್ಸಾಪಲ್ಲಿ ಬಂದಿದ್ದನ್ನ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿ ನನ್ನ ಕೈಲಾಗಿದ್ದು ಮಾಡ್ದೆ ಅಂತ ಸುಮ್ನಾಗ್ತಾರೆ. ಮನೇಲಿ ಕೂತು ಫೋನಲ್ಲೋ ಲ್ಯಾಪ್‌ಟಾಪಲ್ಲೋ ಏನೇನು ಮಾಡ್ಬೋದು, ಹೇಗೆ ಮಾಡ್ಬೇಕು, ಯಾವುದಕ್ಕೆ ಟೈಮ್ ಹಾಕೋದು ಬೇಡ ಅಂತ ನನಗೆ ಗೊತ್ತಿರೋದನ್ನೆಲ್ಲ ಇಲ್ಲಿ ಬರ್ದಿದ್ದೀನಿ. ಯಾವ ಕೆಲಸಕ್ಕೆ ಕೈ ಹಾಕೋ ಮುಂಚೆನೂ ನಾನು ಕೇಳ್ಕೊಳ್ಳೋದು ಒಂದೇ ಪ್ರಶ್ನೆ, ಇದನ್ನ ಮಾಡಿದ್ಮೇಲೆ ಆ ಕಡೆ ಇರೋ ಯಾರ ಕೈಗೆ ಏನು ಸೇರುತ್ತೆ? ಇದಕ್ಕೆ ನೇರವಾಗಿ ಉತ್ತರ ಹೇಳೋಕಾದ್ರೆ ಕೆಲಸ ಎಷ್ಟು ಚಿಕ್ಕದಾದ್ರೂ ಮಾಡಿ, ಹೇಳೋಕಾಗ್ಲಿಲ್ಲ ಅಂದ್ರೆ ಬಿಡಿ. ಇನ್ನೊಂದು ಮಾತು, ಕನ್ನಡ ಓದೋಕೆ ಬರೆಯೋಕೆ ಬರೋರ ಹತ್ರ ದುಡ್ಡಿಗಿಂತ ಬೆಲೆ ಬಾಳೋ ಒಂದು ವಸ್ತು ಇದೆ, ಆ ಕನ್ನಡನೇ. ಅದನ್ನ ಕೊಡೋಕೆ ಜನ ತುಂಬಾ ಕಡಿಮೆ. ಆ ವಿಷಯ ಸ್ವಲ್ಪ ಉದ್ದಕ್ಕೇ ಹೇಳೋದಿದೆ, ಮೊದಲು ದಿನಾ ಬರೋ ರಕ್ತದ ಮೆಸೇಜಿಂದ ಶುರು ಮಾಡೋಣ.

ರಕ್ತ ಬೇಕು ಅನ್ನೋ ಮೆಸೇಜ್ ಬಂದಾಗ

"ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕಾಗಿದೆ, ದಯವಿಟ್ಟು ಎಲ್ಲರಿಗೂ ಕಳಿಸಿ" ಅಂತ ಬಂದ್ರೆ ಮೊದಲು ತಾರೀಖು ನೋಡಿ. ತಾರೀಖೇ ಇಲ್ಲ ಅಂದ್ರೆ ಅದು ಯಾವ ಕಾಲದಿಂದ ಸುತ್ತುತ್ತಿದ್ಯೋ ಗೊತ್ತಿಲ್ಲ, ಆ ರೋಗಿ ಗುಣವಾಗಿ ಮನೆಗೆ ಹೋಗಿ ವರ್ಷ ಆಗಿರ್ಬೋದು, ಅಥವಾ ತೀರ್ಕೊಂಡಿರ್ಬೋದು, ಆ ಮನೆಯವರಿಗೆ ಮಾತ್ರ ಇನ್ನೂ ಫೋನ್ ಬರ್ತಾನೇ ಇರುತ್ತೆ. ಅದಕ್ಕೆ ಫಾರ್ವರ್ಡ್ ಬಟನ್ ಒತ್ತೋ ಮುಂಚೆ ಅದರಲ್ಲಿರೋ ನಂಬರಿಗೆ ನೀವೇ ಕಾಲ್ ಮಾಡಿ. ಇನ್ನೂ ಬೇಕಾ, ಯಾವ ಆಸ್ಪತ್ರೆ, ಎಲ್ಲಿಗೆ ಬಂದು ಕೊಡ್ಬೇಕು, ರಕ್ತನಾ ಪ್ಲೇಟ್ಲೆಟ್ಟಾ, ಎಷ್ಟು ಯೂನಿಟ್ಟು, ಇಷ್ಟು ಕೇಳೋಕೆ ಎರಡು ನಿಮಿಷ ಸಾಕು. ಆಮೇಲೆ ಹಳೇ ಮೆಸೇಜ್ ಬಿಟ್ಟು ನೀವೇ ಹೊಸದಾಗಿ ಟೈಪ್ ಮಾಡಿ, ಹೀಗೆ:

"ಜುಲೈ 14, ಬೆಳಗ್ಗೆ 11ಕ್ಕೆ ನಾನೇ ಫೋನ್ ಮಾಡಿ ಕೇಳಿದ್ದೀನಿ. ದಾವಣಗೆರೆಯಲ್ಲಿ ಇಂಥಾ ಆಸ್ಪತ್ರೆ, ಬಿ ನೆಗೆಟಿವ್ 2 ಯೂನಿಟ್ ಬೇಕು, ನಾಳೆ ಮಧ್ಯಾಹ್ನದ ಆಪರೇಷನ್‌ಗೆ. ಇವತ್ತು ಸಂಜೆ 6ರ ಒಳಗೆ ಅಲ್ಲಿನ ಬ್ಲಡ್ ಬ್ಯಾಂಕಿಗೆ ಬರ್ಬೇಕು. ಸಿಕ್ಕಿದ ತಕ್ಷಣ ಇಲ್ಲೇ ಹಾಕ್ತೀನಿ."

ಆ ಕೊನೇ ಸಾಲು ಬರೆದ್ಮೇಲೆ ನಡೆಸ್ಕೊಡಿ. ಸಿಕ್ಕಿದ್ಮೇಲೆ "ಸಿಕ್ಕಿದೆ, ಇನ್ನು ಯಾರೂ ಕಾಲ್ ಮಾಡ್ಬೇಡಿ" ಅಂತ ಹಾಕಿ ಮೊದಲಿನ ಮೆಸೇಜ್ ಡಿಲೀಟ್ ಮಾಡಿ. ಗ್ರೂಪಲ್ಲಿ ಒಬ್ಬರು ಹೀಗೆ ಮಾಡೋಕೆ ಶುರು ಮಾಡಿದ್ರೂ ಉಳಿದವರು ಕಲೀತಾರೆ.

ಇ-ರಕ್ತಕೋಶ್ ಅಂತ ಕೇಂದ್ರ ಸರ್ಕಾರದ ಪೋರ್ಟಲ್ ಇದೆ, ಅದರಲ್ಲಿ ರಾಜ್ಯ, ಜಿಲ್ಲೆ, ಬ್ಲಡ್ ಗ್ರೂಪ್ ಆರಿಸಿದ್ರೆ ಯಾವ ಬ್ಲಡ್ ಬ್ಯಾಂಕಲ್ಲಿ ಎಷ್ಟಿದೆ ಅಂತ ಬರುತ್ತೆ, ಜೊತೆಗೆ ಫೋನ್ ನಂಬರ್ ಕೂಡ. ಅಲ್ಲಿ ತೋರ್ಸಿದ್ದನ್ನೇ ನಂಬ್ಕೊಂಡು ಓಡ್ಬೇಡಿ, ಮೊದಲು ಫೋನ್ ಮಾಡಿ ಖಾತ್ರಿ ಮಾಡ್ಕೊಳ್ಳಿ. ಆಸ್ಪತ್ರೆ ಕಾರಿಡಾರಲ್ಲಿ ಕೈ ಕಾಲು ಆಡ್ದೆ ನಿಂತಿರೋರಿಗೆ ನೀವು ನಿಮ್ಮ ಮನೇಲಿ ಕೂತು ಈ ಹುಡುಕಾಟ ಮಾಡ್ಕೊಟ್ರೆ ಅದು ಫಾರ್ವರ್ಡ್‌ಗಿಂತ ಎಷ್ಟೋ ಪಾಲು ಮೇಲು.

ಇನ್ನು ನೀವೇ ಕೊಡೋದಾದ್ರೆ, ವಯಸ್ಸು 18ರಿಂದ 65, ತೂಕ ಕಮ್ಮಿ ಅಂದ್ರೆ 45 ಕೆಜಿ, ಹಿಮೋಗ್ಲೋಬಿನ್ 12.5 ಇರ್ಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡ್ಬೋದು. ಫೋನಿನ ಕ್ಯಾಲೆಂಡರಲ್ಲಿ ಇದಕ್ಕೊಂದು ರಿಪೀಟ್ ಆಗೋ ರಿಮೈಂಡರ್ ಹಾಕ್ಕೊಂಡ್ರೆ ಸಾಕು. ಯಾಕೆ ಅಂದ್ರೆ ಕೆಂಪು ರಕ್ತಕಣ ಫ್ರಿಜ್ಜಲ್ಲಿಟ್ರೂ 35-42 ದಿನ ಅಷ್ಟೇ ಬರೋದು, ಪ್ಲೇಟ್ಲೆಟ್ ಅಂತೂ 5 ದಿನ, ಹಾಗಾಗಿ ಯಾರೋ ಒಬ್ಬರಿಗೆ ತುರ್ತು ಬಂದಾಗ ನೂರು ಜನ ಓಡೋದಕ್ಕಿಂತ ಆ ನೂರು ಜನ ವರ್ಷ ಪೂರ್ತಿ ಹಂಚ್ಕೊಂಡು ಕೊಟ್ರೆ ಬ್ಲಡ್ ಬ್ಯಾಂಕಲ್ಲಿ ಯಾವಾಗ್ಲೂ ಇರುತ್ತೆ. ಮಳೆಗಾಲದಲ್ಲಿ ಡೆಂಗ್ಯೂ ಜಾಸ್ತಿ ಆದಾಗ ಪ್ಲೇಟ್ಲೆಟ್ ಬೇಡಿಕೆ ಏರುತ್ತೆ, ಬೇಸಿಗೆ ರಜೆಯಲ್ಲಿ ಕಾಲೇಜುಗಳಿಲ್ಲ, ಕ್ಯಾಂಪ್‌ಗಳಿಲ್ಲ, ಆವಾಗ ಸ್ಟಾಕ್ ಇಳಿಯುತ್ತೆ. ಈ ಎರಡು ಸೀಸನ್ ಮನಸಲ್ಲಿಟ್ಕೊಳ್ಳಿ.

ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ (ಹುಟ್ಟಿಂದಲೇ ಬರೋ ರಕ್ತದ ಕಾಯಿಲೆ) ಇರೋ ಎಷ್ಟೋ ಜನಕ್ಕೆ ಸ್ಟೆಮ್ ಸೆಲ್, ಅಂದ್ರೆ ಮೂಳೆ ಮಜ್ಜೆಯಲ್ಲಿ ರಕ್ತ ತಯಾರು ಮಾಡೋ ಮೂಲ ಕಣ, ಅದರ ದಾನಿ ಬೇಕಾಗುತ್ತೆ, ಮನೆಯವರಲ್ಲಿ ಮ್ಯಾಚ್ ಸಿಗ್ಲಿಲ್ಲ ಅಂದ್ರೆ ಹೊರಗಿನವರೇ ಗತಿ. ಬೆಂಗಳೂರಲ್ಲಿ ಡಿಕೆಎಂಎಸ್, ಚೆನ್ನೈನಲ್ಲಿ ದಾತ್ರಿ ಅಂತ ದಾನಿಗಳ ಪಟ್ಟಿ ಇಡೋ ಸಂಸ್ಥೆಗಳಿವೆ, ಇವರ ವೆಬ್‌ಸೈಟಲ್ಲಿ ಹೆಸರು ಕೊಟ್ರೆ ಕಿಟ್ ಕಳಿಸ್ತಾರೆ, ಕೆನ್ನೆ ಒಳಗೆ ಹತ್ತಿಕಡ್ಡಿ ಉಜ್ಜಿ ವಾಪಸ್ ಪೋಸ್ಟ್ ಮಾಡೋದು ಅಷ್ಟೇ. ಆದ್ರೆ ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು. ಮ್ಯಾಚ್ ಸಿಕ್ಕಿ ನೀವು ಒಪ್ಪಿದ್ಮೇಲೆ ಡಾಕ್ಟ್ರು ರೋಗಿಯ ಸ್ವಂತ ಮಜ್ಜೆಯನ್ನ ಔಷಧಿ ಕೊಟ್ಟು ಪೂರ್ತಿ ಅಳಿಸ್ತಾರೆ, ಆ ಹಂತದಲ್ಲಿ ನೀವು ಹಿಂದೆ ಸರಿದ್ರೆ ಆ ಜೀವ ಉಳಿಯೋದು ಕಷ್ಟ. ಅದಕ್ಕೆ ಹೆಸರು ಕೊಡೋ ಮುಂಚೆನೇ ಮನೇಲಿ ಅಪ್ಪ ಅಮ್ಮ, ಗಂಡ ಹೆಂಡ್ತಿ ಎಲ್ಲರ ಹತ್ರ ಮಾತಾಡಿ, ಹುಮ್ಮಸ್ಸಲ್ಲಿ ಮಾತ್ರ ಹೆಸರು ಕೊಡ್ಬೇಡಿ.

ಕಣ್ಣು, ಅಂಗಾಂಗ ದಾನದ್ದೂ ಇದೇ ಕಥೆ. ನೋಟೋ (ಅಂಗಾಂಗ ದಾನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ವೆಬ್‌ಸೈಟಲ್ಲಿ ಆಧಾರ್ ಹಾಕಿ ಪ್ರತಿಜ್ಞೆ ಮಾಡಿದ್ರೆ ಕಾರ್ಡ್ ಡೌನ್‌ಲೋಡ್ ಆಗುತ್ತೆ, ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡ್ಕೊಳ್ಳೋದು ಜೀವಸಾರ್ಥಕತೆ. ಆದ್ರೆ ಕಾರ್ಡ್ ಇದ್ರೂ ಕೊನೆಗೆ ಮನೆಯವರ ಒಪ್ಪಿಗೆ ಬೇಕೇ ಬೇಕು, ಹಾಗಾಗಿ ಆ ಕಾರ್ಡನ್ನ ಫೇಸ್‌ಬುಕ್ಕಿಗೆ ಹಾಕೋಕೆ ಮುಂಚೆ ಮನೆ ಗ್ರೂಪಿಗೆ ಹಾಕಿ. 2021ರ ಅಕ್ಟೋಬರಲ್ಲಿ ಅಪ್ಪು ಹೋದಾಗ ಅವರ ಕಣ್ಣು ದಾನ ಆಗಿದ್ದು ನೋಡಿ ಎಷ್ಟೊಂದು ಜನ ಹೆಸರು ಬರೆಸಿದ್ರು, ಅವರಲ್ಲಿ ಎಷ್ಟು ಜನ ಮನೇಲಿ ಹೇಳಿದ್ದಾರೋ ಅನ್ನೋದೇ ನನ್ನ ಯೋಚನೆ. ಕಣ್ಣಿಗೆ ಟೈಮ್ ತುಂಬಾ ಮುಖ್ಯ, ಜೀವ ಹೋಗಿ ಆರು ಗಂಟೆ ಒಳಗೆ ತೆಗೀಬೇಕು. ಹತ್ತಿರದ ಐ ಬ್ಯಾಂಕ್ ನಂಬರನ್ನ ಈಗಲೇ ಸೇವ್ ಮಾಡ್ಕೊಳ್ಳಿ. ಮನೇಲಿ ಸಾವಾದಾಗ ಫ್ಯಾನ್ ಆಫ್ ಮಾಡಿ, ಕಣ್ಣು ಮುಚ್ಚಿ ರೆಪ್ಪೆ ಮೇಲೆ ಒದ್ದೆ ಹತ್ತಿ ಇಟ್ಟು, ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ ಫೋನ್ ಮಾಡಿ. ಕನ್ನಡಕ ಹಾಕ್ತಿದ್ರು, ಪೊರೆ ಆಪರೇಷನ್ ಆಗಿತ್ತು, ಶುಗರ್ ಇತ್ತು ಅನ್ನೋದೆಲ್ಲ ಅಡ್ಡಿ ಆಗಲ್ಲ.

ದುಡ್ಡು ಕಳಿಸೋದಾದ್ರೆ

ಯುಪಿಐ ಬಂದ್ಮೇಲೆ ಐವತ್ತು ರೂಪಾಯಿ ಕೊಡೋದೂ ಸುಲಭ ಆಗಿದೆ, ಮೋಸ ಮಾಡೋರಿಗೂ ಅಷ್ಟೇ ಸುಲಭ. 2020ರ ಮಾರ್ಚಲ್ಲಿ ಕೊರೊನಾ ಟೈಮಲ್ಲಿ ಪಿಎಂ ಕೇರ್ಸ್ ಹೆಸರಲ್ಲಿ ನಕಲಿ ಯುಪಿಐ ಐಡಿಗಳು ಓಡಾಡಿದ್ವು, ಅದರಲ್ಲೊಂದು ಅಸಲಿ ಐಡಿಯಲ್ಲಿದ್ದ ಕೊನೇ ಒಂದು ಅಕ್ಷರ, ಅಂದ್ರೆ ಕೇರ್ಸ್ ಅನ್ನೋದರ ಎಸ್, ಅಷ್ಟೇ ಬಿಟ್ಟು ಮಾಡಿದ್ದು. ಆತುರದಲ್ಲಿ ಯಾರ ಕಣ್ಣಿಗೂ ಬೀಳಲ್ಲ. ಹಾಗಾಗಿ ಫಾರ್ವರ್ಡಲ್ಲಿ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡ್ಬೇಡಿ, ಸಂಸ್ಥೆಯ ವೆಬ್‌ಸೈಟ್ ಅಡ್ರೆಸ್ ನೀವೇ ಟೈಪ್ ಮಾಡಿ ಒಳಗೆ ಹೋಗಿ ಅಲ್ಲಿರೋದನ್ನ ಸ್ಕ್ಯಾನ್ ಮಾಡಿ. ದುಡ್ಡು ಕಳಿಸೋ ಮುಂಚೆ ಆ್ಯಪಲ್ಲಿ ಖಾತೆದಾರರ ಹೆಸರು ಬರುತ್ತಲ್ಲ, ಅದು ಟ್ರಸ್ಟ್ ಹೆಸರಿದ್ಯಾ ಯಾವುದೋ ವ್ಯಕ್ತಿ ಹೆಸರಿದ್ಯಾ ನೋಡಿ, ಬೇರೆ ಹೆಸರು ಬಂದ್ರೆ ಅಲ್ಲೇ ನಿಲ್ಸಿ. ಮೋಸ ಆಯ್ತು ಅಂತ ಗೊತ್ತಾದ್ರೆ ನಾಚ್ಕೊಂಡು ಕೂರ್ಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟು ಆ ದುಡ್ಡನ್ನ ಬ್ಯಾಂಕಲ್ಲಿ ತಡೆಹಿಡಿಯೋಕೆ ಅವಕಾಶ ಜಾಸ್ತಿ.

ಸಂಸ್ಥೆ ನಿಜದ್ದಾ ಅಂತ ನೋಡೋಕೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲಲ್ಲಿ ಹೆಸರು ಹುಡುಕಿ. ಅಲ್ಲಿದ್ದ ಮಾತ್ರಕ್ಕೆ ಒಳ್ಳೇ ಸಂಸ್ಥೆ ಅಂತ ಅಲ್ಲ, ನೋಂದಣಿ ಆಗಿದೆ ಅಂತ ಅಷ್ಟೇ ಅರ್ಥ. ಅದರ ಮೇಲೆ ವೆಬ್‌ಸೈಟಲ್ಲಿ ವಾರ್ಷಿಕ ವರದಿ, ಆಡಿಟ್ ಆದ ಲೆಕ್ಕ ಹಾಕಿದ್ದಾರಾ ನೋಡಿ, ಫೋನ್ ಮಾಡಿ "ನಾನು ಕೊಟ್ಟ ದುಡ್ಡು ಯಾವುದಕ್ಕೆ ಹೋಗುತ್ತೆ" ಅಂತ ಕೇಳಿ. ನೆಟ್ಟಗಿರೋ ಸಂಸ್ಥೆಯವರು ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ. ತೆರಿಗೆ ವಿನಾಯ್ತಿ ಬೇಕು ಅಂದ್ರೆ 80ಜಿ ಇದ್ಯಾ ಕೇಳಿ, ಪ್ಯಾನ್ ನಂಬರ್ ಕೊಡಿ, ಎರಡು ಸಾವಿರದ ಮೇಲೆ ಕ್ಯಾಶ್ ಕೊಟ್ರೆ ಆ ಲಾಭ ಸಿಗಲ್ಲ.

ಒಂದೇ ಸಲ ಐದು ಸಾವಿರ ಕೊಡೋಕಿಂತ ತಿಂಗಳಿಗೆ ಇನ್ನೂರು ರೂಪಾಯಿ ಆಟೋಪೇ ಹಾಕೋದು ಎಷ್ಟೋ ಸಂಸ್ಥೆಗಳಿಗೆ ಹೆಚ್ಚು ಉಪಯೋಗ. ಅವರು ಟೀಚರ್ ಸಂಬಳ, ವ್ಯಾನ್ ಡೀಸೆಲ್, ಬಾಡಿಗೆ ಎಲ್ಲ ತಿಂಗಳ ಲೆಕ್ಕದಲ್ಲೇ ಕಟ್ಬೇಕಲ್ವಾ, ಬರೋ ದುಡ್ಡು ಇಷ್ಟು ಅಂತ ಮುಂಚೆನೇ ಗೊತ್ತಿದ್ರೆ ಧೈರ್ಯವಾಗಿ ಒಬ್ಬರನ್ನ ಕೆಲಸಕ್ಕೆ ಇಟ್ಕೋಬೋದು. ಚಿಕಿತ್ಸೆಗೆ ಅಂತ ಜನರಿಂದ ದುಡ್ಡು ಕೂಡಿಸೋ ಕ್ರೌಡ್ ಫಂಡಿಂಗ್ ಸೈಟಲ್ಲಿ ಕೊಡೋವಾಗ ಎರಡು ಕಡೆ ಕಣ್ಣಿಡಿ, ಒಂದು ಆಸ್ಪತ್ರೆಯ ಎಸ್ಟಿಮೇಟ್ ಲೆಟರ್ ಹಾಕಿದ್ದಾರಾ, ಇನ್ನೊಂದು ಪೇಮೆಂಟ್ ಪೇಜಲ್ಲಿ ಸೈಟಿಗೆ ಅಂತ ಟಿಪ್ ಮೊದಲೇ ಸೇರಿಸಿರ್ತಾರೆ ಎಷ್ಟೋ ಕಡೆ, ಬೇಡ ಅಂದ್ರೆ ಅದನ್ನ ಸೊನ್ನೆಗೆ ಇಳಿಸ್ಬೋದು.

ವಿದೇಶದಲ್ಲಿರೋ ನಮ್ಮವರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದ ದುಡ್ಡನ್ನ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಅಂತ ಲೆಕ್ಕ ಆಗಲ್ಲ. ಅಲ್ಲಿನ ಪೌರತ್ವ ತಗೊಂಡಿದ್ರೆ, ಒಸಿಐ ಕಾರ್ಡ್ ಇದ್ರೂ, ಅದು ವಿದೇಶಿ ದೇಣಿಗೆನೇ, ಎಫ್‌ಸಿಆರ್‌ಎ ಅನ್ನೋ ಕೇಂದ್ರ ಸರ್ಕಾರದ ಅನುಮತಿ ಇರೋ ಸಂಸ್ಥೆ ಮಾತ್ರ ತಗೋಬೋದು, ಅದೂ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರ್ಬೇಕು. ಊರಿನ ಶಾಲೆಗೆ ಅಂತ ಅಮೆರಿಕದಿಂದ ಸುಮ್ನೆ ಟ್ರಸ್ಟ್ ಖಾತೆಗೆ ಹಾಕಿದ್ರೆ ತೊಂದರೆ ಅನುಭವಿಸೋದು ಆ ಟ್ರಸ್ಟ್‌ನವರು.

ನೆರೆ ಬಂದಾಗ ಇನ್ನೊಂದು. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ ಬಾಗಲಕೋಟೆ ಕಡೆ, ಆವಾಗೆಲ್ಲ ನಮ್ಮ ಜನ ಲೋಡ್ ಲೋಡ್ ಕಳಿಸಿದ್ರು, ಆ ಮನಸ್ಸು ದೊಡ್ಡದು. ಆದ್ರೆ ಹಳೇ ಬಟ್ಟೆ ಎಲ್ಲರೂ ಕಳಿಸಿದ್ರೆ ಅದನ್ನ ವಿಂಗಡಿಸೋಕೇ ಅಲ್ಲಿ ನಾಲ್ಕು ಜನ ಬೇಕು. ಅಲ್ಲಿರೋ ಒಬ್ಬರಿಗೆ ಮೊದಲು ಕೇಳಿ, ಇವತ್ತು ಏನಿಲ್ಲ ಅಂತ. ಟಾರ್ಪಾಲ್, ಸ್ಯಾನಿಟರಿ ಪ್ಯಾಡ್, ಬಿಪಿ ಶುಗರ್ ಮಾತ್ರೆ, ಮಕ್ಕಳ ನೋಟ್‌ಬುಕ್, ದನಕ್ಕೆ ಮೇವು ಅಂತ ಬರುತ್ತೆ ಉತ್ತರ. ಅದನ್ನ ಒಂದು ಗೂಗಲ್ ಶೀಟಲ್ಲಿ ಹಾಕಿ, ಯಾರು ಏನು ತರ್ತಾರೆ ಅಂತ ಪಕ್ಕದಲ್ಲಿ ಹೆಸರು ಬರೆಸಿ, ಲಿಂಕನ್ನ ಗ್ರೂಪಿಗೆ ಬಿಟ್ರೆ ಒಂದೇ ಸಾಮಾನು ಹತ್ತು ಜನ ತರೋದು ತಪ್ಪುತ್ತೆ.

ಸುಮ್ನೆ ಕ್ಲಿಕ್ ಮಾಡೋ ಸೈಟುಗಳು

ಫ್ರೀರೈಸ್ ಅಂತ ಒಂದಿದೆ, 2007ರಲ್ಲಿ ಶುರುವಾಗಿದ್ದು, 2009ರಿಂದ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ನಡೆಸ್ತಿದೆ. ಕ್ವಿಜ್ ಪ್ರಶ್ನೆಗೆ ಸರಿ ಉತ್ತರ ಕೊಟ್ರೆ ಇಷ್ಟು ಕಾಳು ಅಕ್ಕಿ ಅಂತ, ದುಡ್ಡು ಕೊಡೋದು ಪ್ರಾಯೋಜಕರು. ಒಂದು ಸರಿ ಉತ್ತರಕ್ಕೆ ಹತ್ತು ಕಾಳು ಅಂತ ಇಟ್ಕೊಂಡ್ರೂ ನೂರು ಪ್ರಶ್ನೆಗೆ ಸಾವಿರ ಕಾಳು, ಅಂದ್ರೆ ಇಪ್ಪತ್ತು ಗ್ರಾಂ ಆಸುಪಾಸು. ಮಕ್ಕಳಿಗೆ ಇಂಗ್ಲಿಷ್ ಪದ ಕಲಿಸೋ ನೆಪದಲ್ಲಿ ಆಡ್ಸಿ, ತುಂಬಾ ಒಳ್ಳೇದು, ದೊಡ್ಡವರು ಇದೇ ನನ್ನ ಸೇವೆ ಅಂತ ಕೂರೋದು ಬೇಡ. ಇಕೋಸಿಯಾ ಅನ್ನೋ ಸರ್ಚ್ ಎಂಜಿನ್ ಜರ್ಮನಿದು, 2009ರಿಂದ ಇದೆ, ಜಾಹೀರಾತಿಂದ ಬಂದ ಲಾಭದಲ್ಲಿ ಗಿಡ ನೆಡೋಕೆ ದುಡ್ಡು ಕೊಡ್ತಾರೆ. ಬರೀ ಸರ್ಚ್ ಮಾಡಿದ್ರೆ ಅವರಿಗೆ ದುಡ್ಡು ಬರಲ್ಲ, ಯಾರಾದ್ರೂ ಜಾಹೀರಾತು ಒತ್ತಿದ್ರೆ ಮಾತ್ರ ಬರೋದು. ಬ್ರೌಸರಲ್ಲಿ ಒಂದ್ಸಲ ಸೆಟ್ ಮಾಡಿದ್ರೆ ಮರ್ತೇ ಬಿಡ್ಬೋದು ಅನ್ನೋದು ಇದರ ಒಳ್ಳೇ ಗುಣ. ಲೈಕ್ ಮಾಡಿದ್ರೆ ಮಗುವಿಗೆ ಒಂದು ರೂಪಾಯಿ ಸಿಗುತ್ತೆ ಅನ್ನೋ ಫೋಟೋ ಬರುತ್ತಲ್ಲ, ಅದು ಶುದ್ಧ ಸುಳ್ಳು, ಯಾರಿಗೂ ಏನೂ ಸಿಗಲ್ಲ, ಆ ಮಗುವಿನ ಫೋಟೋ ಎಲ್ಲಿಂದ ಎತ್ಕೊಂಡ್ರೋ ದೇವರೇ ಬಲ್ಲ.

ಕನ್ನಡನೇ ಕೊಡಿ

ಈಗ ಮುಖ್ಯ ವಿಷಯ. ದುಡ್ಡು ಯಾರು ಬೇಕಾದ್ರೂ ಕೊಡ್ಬೋದು, ಕನ್ನಡದಲ್ಲಿ ಆಗ್ಬೇಕಾದ ಕೆಲಸ ಕನ್ನಡ ಬಲ್ಲವರೇ ಮಾಡ್ಬೇಕು.

ಕಣ್ಣು ಕಾಣದೇ ಇರೋರು ಫೋನು ಕಂಪ್ಯೂಟರ್ ಹೇಗೆ ಬಳಸ್ತಾರೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಂಡ್ರಾಯ್ಡಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಲ್ಲಿ ಎನ್‌ವಿಡಿಎ, ಇವು ಸ್ಕ್ರೀನ್ ರೀಡರ್‌ಗಳು, ಅಂದ್ರೆ ಸ್ಕ್ರೀನ್ ಮೇಲಿರೋ ಅಕ್ಷರ ಓದಿ ಹೇಳ್ತಾವೆ, ಕನ್ನಡನೂ ಓದ್ತಾವೆ. ಆದ್ರೆ ಅಕ್ಷರ ಅಕ್ಷರವಾಗೇ ಇರ್ಬೇಕು, ಫೋಟೋ ಆಗಿದ್ರೆ ಓದೋದು ಕಷ್ಟ. ನಮ್ಮ ಗ್ರೂಪುಗಳಲ್ಲಿ ಏನು ಮಾಡ್ತೀವಿ ನೋಡಿ, ಶಾಲೆ ನೋಟಿಸ್, ಆರೋಗ್ಯ ಶಿಬಿರ, ಪೆನ್ಷನ್ ಅರ್ಜಿ ಕೊನೇ ದಿನ, ಎಲ್ಲ ಪೋಸ್ಟರ್ ಫೋಟೋ. ಇವತ್ತಿಂದಲೇ ಮಾಡ್ಬೋದಾದ ಅತಿ ಚಿಕ್ಕ ಕೆಲಸ ಅಂದ್ರೆ, ಪೋಸ್ಟರ್ ಹಾಕಿದಾಗ ಅದರ ಕೆಳಗೆ ಅದರಲ್ಲಿರೋ ವಿಷಯನ ಟೈಪ್ ಮಾಡಿ ಹಾಕೋದು, ಟೈಪ್ ಮಾಡೋಕೆ ಬೇಜಾರಾದ್ರೆ ಕೀಬೋರ್ಡಿನ ಮೈಕ್ ಒತ್ತಿ ಓದಿ ಹೇಳಿ, ತಪ್ಪಿದ್ರೆ ತಿದ್ದಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಎಕ್ಸ್ ಮೂರರಲ್ಲೂ ಫೋಟೋಗೆ ಆಲ್ಟ್ ಟೆಕ್ಸ್ಟ್ ಅಂತ ಬರೆಯೋ ಜಾಗ ಇದೆ, ಅಲ್ಲಿ ಫೋಟೋದಲ್ಲಿ ಏನಿದೆ ಅಂತ ಎರಡು ಸಾಲು ಕನ್ನಡದಲ್ಲಿ ಬರೀರಿ. ಸಂಘ ಸಂಸ್ಥೆ, ಪಂಚಾಯ್ತಿ ಕೆಲಸ ಮಾಡೋರು ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡಿಗೆ (ಎಲ್ಲ ಫೋನು ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಪದ್ಧತಿ) ಬದಲಾಯಿಸಿ ಕಳಿಸಿ, ಪರಿವರ್ತಕಗಳು ನೆಟ್ಟಲ್ಲಿ ಫ್ರೀಯಾಗಿ ಸಿಗ್ತಾವೆ. ಹಳೇ ಫಾಂಟಿನ ಫೈಲನ್ನ ಸ್ಕ್ರೀನ್ ರೀಡರ್ ಓದಿದ್ರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕೇಳ್ಸುತ್ತೆ.

ಇದರ ದೊಡ್ಡ ರೂಪ ಕನ್ನಡ ವಿಕಿಸೋರ್ಸ್ ಅನ್ನೋ ಆನ್‌ಲೈನ್ ಪುಸ್ತಕ ಭಂಡಾರ. ಕೃತಿಸ್ವಾಮ್ಯ ಮುಗಿದ ಪುಸ್ತಕ, ಅಂದ್ರೆ ಲೇಖಕರು ತೀರ್ಕೊಂಡು 60 ವರ್ಷ ದಾಟಿದ್ದು, ಮತ್ತೆ ಹಕ್ಕಿರೋರೇ ಮುಕ್ತವಾಗಿ ಬಿಟ್ಟಿದ್ದು ಅಲ್ಲಿ ಇರುತ್ತೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಕೂಡ ಹೀಗೆ 2014ರಲ್ಲಿ ಮುಕ್ತ ಲೈಸೆನ್ಸಿಗೆ ಬಂತು. ಪುಟ ತೆರೆದ್ರೆ ಒಂದು ಕಡೆ ಸ್ಕ್ಯಾನ್ ಮಾಡಿದ ಪುಟದ ಚಿತ್ರ, ಇನ್ನೊಂದು ಕಡೆ ಯಂತ್ರ ಓದಿ ಬರೆದ ಅಕ್ಷರ. ನೀವು ಎರಡನ್ನೂ ಹೋಲಿಸಿ ತಪ್ಪು ತಿದ್ದಿ ಸೇವ್ ಮಾಡೋದು. ಒಬ್ಬರು ತಿದ್ದಿದ್ರೆ ಪುಟದ ಬಣ್ಣ ಹಳದಿ ಆಗುತ್ತೆ, ಬೇರೆ ಇನ್ನೊಬ್ಬರು ನೋಡಿ ಸರಿ ಇದೆ ಅಂದ್ರೆ ಹಸಿರು, ನಿಮ್ಮ ಹಳದಿನ ನೀವೇ ಹಸಿರು ಮಾಡೋಕಾಗಲ್ಲ. ಒಂದು ಪುಟಕ್ಕೆ ಹತ್ತು ಹದಿನೈದು ನಿಮಿಷ. ಯಂತ್ರದ ತಪ್ಪು ಹೇಗಿರುತ್ತೆ ಅಂದ್ರೆ ಪ ಇದ್ದಲ್ಲಿ ವ ಆಗಿರುತ್ತೆ, ಒತ್ತಕ್ಷರ ಮುಂದಿನ ಸಾಲಿಗೆ ಬಿದ್ದಿರುತ್ತೆ, ಅದಕ್ಕಿಂತ ಮೋಸದ್ದು ಸೊನ್ನೆ. "ಅಂಗಡಿ" ಅಂತ ಇರೋದನ್ನ "ಅ೦ಗಡಿ" ಅಂತ ಬರೆದಿರುತ್ತೆ, ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿರುತ್ತೆ, ಕಣ್ಣಿಗೆ ಎರಡೂ ಒಂದೇ. ಆದ್ರೆ ಸ್ಕ್ರೀನ್ ರೀಡರ್ ಆ ಪದ ಬಂದಾಗ ಎಡವುತ್ತೆ, ಸರ್ಚಲ್ಲೂ ಆ ಪದ ಸಿಗಲ್ಲ. ಇದನ್ನ ತಿದ್ದೋಕೆ ಸುಲಭ ದಾರಿ, ಫೈಂಡ್ ಅಂಡ್ ರಿಪ್ಲೇಸಲ್ಲಿ ಅಂಕಿಯ ಸೊನ್ನೆ ಹುಡುಕಿ ಒಂದೊಂದೇ ನೋಡ್ಕೊಂಡು ಬದಲಾಯಿಸಿ, ಒಟ್ಟಿಗೆ ಎಲ್ಲ ಬದಲಾಯಿಸಿದ್ರೆ ನಿಜವಾದ ೧೦, ೨೦ ಎಲ್ಲ ಹಾಳಾಗುತ್ತೆ. ರಿಟೈರ್ ಆಗಿರೋ ಮೇಷ್ಟ್ರು, ಪ್ರೂಫ್ ನೋಡಿ ಅಭ್ಯಾಸ ಇರೋರು, ಮನೇಲಿರೋ ಅಮ್ಮಂದಿರು ಇದನ್ನ ನಮಗಿಂತ ಚೆನ್ನಾಗಿ ಮಾಡ್ತಾರೆ, ಅಕೌಂಟ್ ಮಾಡ್ಕೊಟ್ಟು ಮೊದಲ ಎರಡು ಪುಟ ಜೊತೇಲಿ ಕೂತು ತೋರ್ಸಿ ಸಾಕು.

ಮಕ್ಕಳ ಕಥೆ ಇಷ್ಟ ಇರೋರಿಗೆ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರ ಸೆಪ್ಟೆಂಬರ್ 8ಕ್ಕೆ, ಸಾಕ್ಷರತಾ ದಿನ, ಶುರು ಮಾಡಿದ್ದು. ಅಲ್ಲಿರೋ ಚಿತ್ರಕಥೆಗಳನ್ನ ಯಾರು ಬೇಕಾದ್ರೂ ಓದ್ಬೋದು, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕ್ಬೋದು, ಅನುವಾದನೂ ಮಾಡ್ಬೋದು. ಲಾಗಿನ್ ಆಗಿ, ಕಥೆ ತೆರೆದು, ಅನುವಾದ ಒತ್ತಿ, ಕನ್ನಡ ಆರಿಸಿದ್ರೆ ಮೂಲದ ಪಕ್ಕದಲ್ಲೇ ನಿಮಗೆ ಬರೆಯೋ ಜಾಗ ಬರುತ್ತೆ. ಶುರುವಿಗೆ ಮೊದಲ ಹಂತದ ಕಥೆ ತಗೊಳ್ಳಿ, ಪುಟಕ್ಕೆ ಒಂದೆರಡು ಸಾಲು. ಆ ಕಥೆ ಮೊದಲೇ ಕನ್ನಡಕ್ಕೆ ಬಂದಿದ್ಯಾ ನೋಡಿ ಶುರು ಮಾಡಿ. ಇಲ್ಲಿ ನನ್ನದೊಂದು ಬೇಡಿಕೆ, ಪುಸ್ತಕದ ಕನ್ನಡ ಬರೀಬೇಡಿ. ಈಗಷ್ಟೇ ಅಕ್ಷರ ಕಲೀತಿರೋ ಮಗು ಒಂದೇ ಪದದಲ್ಲಿ ಮೂರು ಒತ್ತು ಬಂದ್ರೆ ಅಲ್ಲೇ ನಿಲ್ಸುತ್ತೆ. ಬರೆದ್ಮೇಲೆ ಜೋರಾಗಿ ಓದಿ, ಮನೇಲಿರೋ ಮಗುವಿಗೆ ಓದಿ ಹೇಳಿ, ಅದು ಎಲ್ಲಿ ಮುಖ ಸಿಂಡರಿಸ್ತೋ ಅಲ್ಲಿ ತಿದ್ದಿ, ಆಮೇಲೆ ಪಬ್ಲಿಶ್ ಮಾಡಿ. ಮಾಡಿದ್ಮೇಲೆ ಅಷ್ಟಕ್ಕೇ ಬಿಡ್ಬೇಡಿ, ನಿಮ್ಮೂರ ಸರ್ಕಾರಿ ಶಾಲೆ ಮೇಷ್ಟ್ರ ನಂಬರಿಗೆ ಆ ಪಿಡಿಎಫ್ ಕಳಿಸಿ, ಅವರು ಪ್ರಿಂಟ್ ಹಾಕಿ ತರಗತಿಯಲ್ಲಿ ತೂಗು ಹಾಕ್ಬೋದು, ಪ್ರೊಜೆಕ್ಟರ್ ಇದ್ರೆ ತೋರಿಸ್ಬೋದು. ತುಳು, ಕೊಂಕಣಿ, ಕೊಡವ ಮನೆಮಾತಿನವರು ನಿಮ್ಮ ಭಾಷೆ ಪಟ್ಟಿಯಲ್ಲಿದ್ಯಾ ನೋಡಿ, ಆ ಮಕ್ಕಳಿಗೆ ಅವರ ಮಾತಲ್ಲಿ ಪುಸ್ತಕ ಇನ್ನೂ ಕಡಿಮೆ.

ಓದೋಕೆ ಬರೆಯೋಕೆ ಟೈಮಿಲ್ಲ, ಮಾತಾಡ್ಬೋದು ಅನ್ನೋರಿಗೆ ಭಾಷಾದಾನ್ ಇದೆ, ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯದ್ದು. ಸ್ಕ್ರೀನ್ ಮೇಲೆ ಬರೋ ವಾಕ್ಯ ಓದಿ ರೆಕಾರ್ಡ್ ಮಾಡೋದು, ಕೇಳಿದ್ದನ್ನ ಬರೆಯೋದು, ಬೇರೆಯವರು ಓದಿದ್ದು ಸರಿ ಇದ್ಯಾ ಹೇಳೋದು, ಹೀಗೆ ಚಿಕ್ಕ ಚಿಕ್ಕ ಕೆಲಸ. ಇದರಿಂದ ಯಂತ್ರಗಳಿಗೆ ಕನ್ನಡ ಮಾತು ಅರ್ಥ ಮಾಡ್ಕೊಳ್ಳೋದು ಕಲಿಸ್ತಾರೆ. ಇಲ್ಲಿ ಕಲಬುರಗಿ, ಬೀದರ್, ರಾಯಚೂರು, ವಿಜಯಪುರ ಕಡೆಯವರು ಹೆಚ್ಚಾಗಿ ಬರ್ಬೇಕು ಅಂತ ನನ್ನಾಸೆ. ಬರೀ ಬೆಂಗಳೂರು ಮೈಸೂರು ದನಿ ಕೇಳಿ ಕಲಿತ ಯಂತ್ರಕ್ಕೆ ನಾಳೆ ಅಲ್ಲಿನ ಅಜ್ಜಿಯೊಬ್ಬರು ಫೋನಲ್ಲಿ ಮಾತಾಡಿ ಮಾಹಿತಿ ಕೇಳಿದ್ರೆ ತಿಳಿಯಲ್ಲ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಸದ್ದಿಲ್ಲದ ಹೊತ್ತಲ್ಲಿ, ನೀವು ದಿನಾ ಮಾತಾಡೋ ಥರನೇ ಓದಿ, ನ್ಯೂಸ್ ಓದೋರ ಥರ ಬೇಡ.

ಬಿ ಮೈ ಐಸ್ ಆ್ಯಪ್ ಬಗ್ಗೆ ಕೇಳಿರ್ತೀರಿ, ಡೆನ್ಮಾರ್ಕಿಂದ ಬಂದಿದ್ದು, 2015ರಲ್ಲಿ ಶುರುವಾಯ್ತು, ಕಣ್ಣು ಕಾಣದವರು ವಿಡಿಯೋ ಕಾಲ್ ಮಾಡಿದ್ರೆ ಸ್ವಯಂಸೇವಕರು ಎತ್ತಿ ಮಾತ್ರೆ ಎಕ್ಸ್‌ಪೈರಿ ಡೇಟೋ ಬಟ್ಟೆ ಬಣ್ಣವೋ ನೋಡಿ ಹೇಳೋದು. ಇಲ್ಲಿ ಸಹಾಯ ಕೇಳೋರಿಗಿಂತ ಸ್ವಯಂಸೇವಕರೇ ಎಷ್ಟೋ ಪಟ್ಟು ಜಾಸ್ತಿ ಇದ್ದಾರೆ, ಹಾಗಾಗಿ ತಿಂಗಳುಗಟ್ಟಲೆ ಕಾಲ್ ಬರದೇ ಇದ್ರೆ ಆ್ಯಪ್ ತೆಗೀಬೇಡಿ, ಇಟ್ಕೊಂಡಿರಿ. ನಿಮಗೆ ಗೊತ್ತಿರೋ ದೃಷ್ಟಿ ಇಲ್ಲದವರು ಯಾರಾದ್ರೂ ಇದ್ರೆ ಅವರ ಫೋನಲ್ಲಿ ಇದನ್ನ ಹಾಕ್ಕೊಟ್ಟು ಭಾಷೆ ಸೆಟ್ ಮಾಡಿ ತೋರಿಸೋದು ಇನ್ನೂ ಒಳ್ಳೇ ಕೆಲಸ. ಕಾಲ್ ಬಂದಾಗ "ಅಲ್ಲಿ, ಇಲ್ಲಿ" ಅನ್ಬೇಡಿ, "ಫೋನ್ ಸ್ವಲ್ಪ ಎಡಕ್ಕೆ, ಇನ್ನೊಂದ್ ಚೂರು ಮೇಲಕ್ಕೆ" ಅಂತ ಹೇಳಿ.

ಓಡಾಡೋ ಕೆಲಸದವರಿಗೆ ಸ್ಟ್ರೀಟ್‌ಕಂಪ್ಲೀಟ್ ಅಂತ ಆ್ಯಪ್ ಇದೆ. ನೀವಿರೋ ಬೀದಿಲಿ ಈ ಕಟ್ಟಡಕ್ಕೆ ವೀಲ್‌ಚೇರ್ ಹೋಗುತ್ತಾ, ಈ ರಸ್ತೆಗೆ ಲೈಟಿದ್ಯಾ ಅಂತ ಅದೇ ಕೇಳುತ್ತೆ, ನೀವು ಉತ್ತರ ಕೊಟ್ರೆ ಅದು ಜನರೇ ಸೇರಿ ಮಾಡೋ ಉಚಿತ ಮ್ಯಾಪ್ ಆದ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರುತ್ತೆ. 2015ರ ನೇಪಾಳ ಭೂಕಂಪದಲ್ಲಿ ರಕ್ಷಣಾ ಕೆಲಸದವರು ಇದೇ ಮ್ಯಾಪ್ ಬಳಸಿದ್ರು, ದೇಶ ದೇಶದ ಜನ ಮನೇಲಿ ಕೂತು ಉಪಗ್ರಹ ಚಿತ್ರ ನೋಡಿ ಹಳ್ಳಿ ದಾರಿ, ಮನೆ ಗುರುತು ಹಾಕಿದ್ದು. ಲ್ಯಾಪ್‌ಟಾಪ್ ಇದ್ರೆ ಹಾಟ್ ಟಾಸ್ಕಿಂಗ್ ಮ್ಯಾನೇಜರ್ ಅನ್ನೋ ವೆಬ್‌ಸೈಟಲ್ಲಿ ನೀವೂ ಅದನ್ನೇ ಮಾಡ್ಬೋದು.

ಕೊನೇದು, ಆನ್‌ಲೈನಲ್ಲಿ ಹೆಸರು ಕೊಟ್ಟು ಖುದ್ದಾಗಿ ಹೋಗ್ಬೇಕಾದ್ದು, ಪರೀಕ್ಷೆ ಬರ್ದುಕೊಡೋ ಕೆಲಸ. ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಪರೀಕ್ಷೆ ಸೀಸನ್ ಬಂದ್ರೆ ಬರಹಗಾರರು ಸಿಗೋದೇ ಕಷ್ಟ, ಅದರಲ್ಲೂ ಕನ್ನಡ ಮಾಧ್ಯಮದವರಿಗೆ, ಯಾಕೆ ಅಂದ್ರೆ ಬೆಂಗಳೂರಲ್ಲಿ ಮುಂದೆ ಬರೋ ಎಷ್ಟೋ ಜನಕ್ಕೆ ಸರಸರ ಕನ್ನಡ ಬರೆಯೋಕೆ ಬರಲ್ಲ. ಬೆಂಗಳೂರಿನ ಸಮರ್ಥನಂ, ಮಿತ್ರಜ್ಯೋತಿಯಂಥ ಸಂಸ್ಥೆಗಳ ಹತ್ರ, ಇಲ್ಲ ನಿಮ್ಮೂರಿನ ಕಾಲೇಜಲ್ಲೇ ವಿಚಾರಿಸಿ. ಬರೆಯೋರು ಸಾಮಾನ್ಯವಾಗಿ ಪರೀಕ್ಷೆ ತಗೊಳ್ಳೋರಿಗಿಂತ ಕೆಳಗಿನ ತರಗತಿಯವರಾಗಿರ್ಬೇಕು, ಅಂದ್ರೆ ಡಿಗ್ರಿ ಪರೀಕ್ಷೆಗೆ ಪಿಯುಸಿ ಮಟ್ಟದವರು, ಹಾಗಾಗಿ ಇದು ನಮ್ಮ ವಯಸ್ಸಿನವರಿಗಿಂತ ಮನೇಲಿರೋ ಮಕ್ಕಳಿಗೆ ಹೇಳ್ಬೇಕಾದ ಮಾತು. ದೊಡ್ಡವರು ಅದರ ಬದಲು ಪಠ್ಯಪುಸ್ತಕದ ಪಾಠನ ಫೋನಲ್ಲಿ ಓದಿ ರೆಕಾರ್ಡ್ ಮಾಡಿ ಕೊಡ್ಬೋದು, ಯಾವ ಪುಸ್ತಕ, ಯಾವ ಪಾಠ ಬೇಕು ಅಂತ ಆ ಸಂಸ್ಥೆಯವರನ್ನೇ ಕೇಳಿ. ಪರೀಕ್ಷೆಗೆ ಹೋಗೋ ಮಕ್ಕಳಿಗೆ ಹೇಳಿ ಕಳಿಸಿ: ವಿದ್ಯಾರ್ಥಿ ಜೊತೆ ಹಿಂದಿನ ದಿನ ಅರ್ಧ ಗಂಟೆ ಕೂತು ಬರೆಯೋ ವೇಗ ನೋಡ್ಕೊಳ್ಳಿ, ಪ್ರಶ್ನೆ ಪತ್ರಿಕೆ ಪೂರ್ತಿ ಒಂದ್ಸಲ ಓದಿ ಹೇಳಿ, ಆಮೇಲೆ ಯಾವುದರಿಂದ ಶುರು ಮಾಡ್ಬೇಕು ಅಂತ ಅವರೇ ಹೇಳ್ಲಿ, ಉತ್ತರ ತಪ್ಪು ಅಂತ ನಿಮಗೆ ಗೊತ್ತಾದ್ರೂ ಅವರು ಹೇಳಿದ್ದನ್ನೇ ಬರೀರಿ. ಗಣಿತ ಇದ್ರೆ ಮೊದಲೇ ಕೇಳ್ಕೊಳ್ಳಿ, ಚಿತ್ರ, ಗ್ರಾಫ್ ಪ್ರಶ್ನೆಗೆ ಬದಲಿ ಪ್ರಶ್ನೆ ಇದ್ಯಾ ಅಂತ. ಹೆಚ್ಚುವರಿ ಸಮಯ ಸಿಗುತ್ತೆ, ಅದನ್ನ ಲೆಕ್ಕ ಹಾಕ್ಕೊಂಡು ಅವತ್ತು ಮಧ್ಯಾಹ್ನ ಬೇರೆ ಕೆಲಸ ಇಟ್ಕೋಬೇಡಿ.